ಡಂಗುರನ ಕಾಡು ಮರಸೇಬು

ಹಣ್ಣಿನ ಗಾಡಿಯವನನ್ನು ಬೀದಿಯವರೆಲ್ಲ ಡಂಗುರ ಎಂದೇ ಕರೆಯುತ್ತಿದ್ದರು. ಅವನು ಒಮ್ಮೆ ಕೂಗಿದರೆ ಮೂರನೆಯ ಬೀದಿಯ ಹೆಣವೂ ಮಗ್ಗುಲು ಬದಲಿಸುತ್ತಿತ್ತು. ಗುಡ್ಡದಿಂದ ತಂದ ಕಾಡು ಮರಸೇಬು ಅವನ ಸರಕು. ನಿಂಬೆಹಣ್ಣಿನ ಗಾತ್ರ, ಕಲ್ಲಿನಷ್ಟು ಗಟ್ಟಿ, ನಾಲಿಗೆ ಮಡಚಿಕೊಳ್ಳುವಂಥ ಒಗರು. ಕಚ್ಚಿದರೆ ಹಲ್ಲು ಅಲ್ಲೇ ರಾಜೀನಾಮೆ ಕೊಡಬೇಕು. ಅಂಥದ್ದನ್ನು ರುಚಿಗೆಂದು ಯಾರು ಕೊಂಡಾರು? ಅದಕ್ಕೇ ಗಾಡಿಗೊಂದು ಕರಿಹಲಗೆ ಕಟ್ಟಿ, ಹಣ್ಣಿನಿಂದ ವಾಸಿಯಾಗುವ ಕಾಯಿಲೆಗಳನ್ನು ಬರೆದಿದ್ದ. ಮೊದಲು ಬರೆದದ್ದು ಮಲಬದ್ಧತೆ, ಅದರಲ್ಲಿ ಸುಳ್ಳೇನಿರಲಿಲ್ಲ. ಮಿಕ್ಕವನ್ನು ಗಿರಾಕಿಗಳೇ ಬರೆಸಿದರು. "ಮಂಡಿನೋವಿಗೆ ಆಗುತ್ತೇನಪ್ಪಾ?" ಎಂದು ಯಾರಾದರೂ ಕೇಳಿದರೆ ಸಾಕು, "ಆಗದೆ ಏನು!" ಎಂದು ಸೀಮೆಸುಣ್ಣ ತೆಗೆಯುತ್ತಿದ್ದ. ಬೋಳುತಲೆ, ಗೊರಕೆ, ಅತ್ತೆಯ ಸಿಟ್ಟು, ಎಲ್ಲವೂ ಹಾಗೆಯೇ ಹಲಗೆ ಹತ್ತಿದವು.

ಎದುರುಮನೆಯ ಹೊಲಿಗೆಯಕ್ಕ ಒಂದು ದಿನ ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿದಳು. ಅದನ್ನೂ ಬರೆದ. ಅಂದಿನಿಂದ ದಿನಕ್ಕೆ ನಾಲ್ಕು ಹಣ್ಣು ಒಯ್ಯತೊಡಗಿದಳು. ಅವಳು ಮಾತ್ರೆ ನಿಲ್ಲಿಸಿದ್ದು ಅವನಿಗೆ ತಿಳಿದದ್ದು, ನೆಲಕ್ಕೆ ಬಿದ್ದ ಸೂಜಿ ಚುಚ್ಚಿ, ಕಾಲ್ಬೆರಳು ಕೊಳೆತು, ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿದ ಮೇಲೆ.

ನೋಡಲು ಹೋದ. ಹಾಸಿಗೆಯ ಪಕ್ಕದಲ್ಲಿದ್ದ ಮಗಳು, "ಬನ್ನಿ ಮಾಮ, ಕೂತ್ಕೊಳ್ಳಿ" ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಆ ಮರ್ಯಾದೆ ಕೆಂಡದ ಹಾಗೆ ಸುಟ್ಟಿತು. ಅವನು ಕೂರಲಿಲ್ಲ.

"ನಾನೇ ದಡ್ಡಿ ಕಣೋ," ಎಂದಳು ಅಕ್ಕ, ಮಗಳು ನೀರು ತರಲು ಹೋದದ್ದೇ ತಡ. "ನಾಲ್ಕು ಸಾಕಾಗ್ಲಿಲ್ಲ, ಆರು ತಿನ್ಬೇಕಿತ್ತು. ಇಲ್ಲಿ ಮತ್ತೆ ಮಾತ್ರೆ ಕೊಡ್ತಾರೆ. ನಾನೇನು ನುಂಗ್ತೀನಾ? ದಿಂಬಿನ ಕೆಳಗೆ ಇಟ್ಟಿದ್ದೀನಿ. ಹಣ್ಣು ತಂದ್ಯಾ?"

ಅವನು ಹಾಸಿಗೆಯ ಹತ್ತಿರಕ್ಕೆ ಬಾಗಿದ.

"ಅಕ್ಕಾ, ಮಾತ್ರೆ ನುಂಗಿ. ಹಣ್ಣಿನಿಂದ ಸಕ್ಕರೆ ಕಾಯಿಲೆ ವಾಸಿಯಾಗಲ್ಲ."

"ನೀನೇ ಬರೆದಿದ್ಯಲ್ಲೋ?"

"ನೀವು ಕೇಳಿದ್ರಿ, ಬರೆದೆ."

"ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ಬೈದಿದ್ದರೆ ಅವನಿಗೆ ಅರ್ಧ ಪಾಪ ಕಳೆಯುತ್ತಿತ್ತು. ಅವಳು ಬೈಯಲಿಲ್ಲ. ದಿಂಬೆತ್ತಿ ಏಳು ಮಾತ್ರೆಗಳನ್ನು ಅಂಗೈಗೆ ಬಾಚಿಕೊಂಡು ನರ್ಸನ್ನು ಹುಡುಕಿ ಓಡಿದಳು.

"ಹೊಟ್ಟೆಗಾದ್ರೂ ಒಳ್ಳೇದಾ?" ಎಂದಳು ಅಕ್ಕ.

"ಹೊಟ್ಟೆಗೆ ಒಳ್ಳೇದು. ನಾರಿನಂಶ ಇರುತ್ತೆ. ಅಷ್ಟೇ."

"ಅಷ್ಟೇ ಹೇಳಿದ್ರೂ ತಗೋತಿದ್ನಲ್ಲೋ," ಎಂದು ಅವಳು ಗೋಡೆಯ ಕಡೆ ಹೊರಳಿದಳು.

ಅವಳು ಈ ಕಡೆ ತಿರುಗಲಿ ಎಂದು ಅವನು ನಿಂತೇ ಇದ್ದ. ಭೇಟಿಯ ಹೊತ್ತು ಮುಗಿಯಿತೆಂದು ಕಾವಲುಗಾರ ಹೊರಗಟ್ಟುವವರೆಗೂ ಅವಳು ತಿರುಗಲಿಲ್ಲ.