ಅಶ್ವತ್ಥಪ್ಪ ಮುಂದಿನ ಚಕ್ರ ಎತ್ತಿದ್ದು

ನಂದಿದುರ್ಗ ಚಿನ್ನದ ಗಣಿಯ ಇಂಜಿನ್ ಮನೆಯಲ್ಲಿ ಅಶ್ವತ್ಥಪ್ಪನದು ಎಣ್ಣೆ ಬಿಡುವ ಕೆಲಸ. ಆಳುಗಳನ್ನು ಪಾತಾಳಕ್ಕೆ ಇಳಿಸಿ ಮತ್ತೆ ಮೇಲಕ್ಕೆಳೆಯುವ ಯಂತ್ರದ ಕೀಲುಕೀಲಿಗೂ ಹೊತ್ತುಹೊತ್ತಿಗೆ ಎಣ್ಣೆ ಕುಡಿಸಬೇಕು, ಹಿತ್ತಾಳೆಯನ್ನೆಲ್ಲ ಉಜ್ಜಿ ಮುಖ ಕಾಣುವ ಹಾಗೆ ಮಾಡಬೇಕು, ಡ್ರೈವರು ಕೆಮ್ಮಿದರೆ ನೀರು ಕೊಡಬೇಕು. ಹನ್ನೆರಡು ವರ್ಷದಲ್ಲಿ ಅವನ ಕೈಯಿಂದ ಒಂದೂ ತಪ್ಪು ಆಗಿರಲಿಲ್ಲ. ತಪ್ಪು ಮಾಡದವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಹಾಗಾಗಿ ಗಣಿ ಆಳುಗಳ ಲೈನ್ ಮನೆಗಳಲ್ಲಿ ಅರ್ಧ ಜನಕ್ಕೆ ಅಶ್ವತ್ಥಪ್ಪ ಅಂತ ಒಬ್ಬ ಇದ್ದಾನೆ ಅನ್ನುವುದೇ ಗೊತ್ತಿರಲಿಲ್ಲ.

ಅವನ ಹೆಂಡತಿ ಕದಿರಮ್ಮ ಸೋದರಮಾವನ ಮಗಳೇ. ಚಿಕ್ಕಂದಿನಿಂದ ಅವನನ್ನು ಮಾವ ಅಂತ ಕರೆದು ರೂಢಿ, ಮದುವೆಯಾದ ಮೇಲೂ ಅದೇ ಉಳಿಯಿತು. ಅವಳ ಅಣ್ಣ ಕೋದಂಡಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಬಂಡೆ ಕೊರೆಯುವ ಆಳು. ಬಂಗಾರಪೇಟೆಯ ಹತ್ತಿರದ ಹಳ್ಳಿಯಿಂದ ದಿನಾ ರೈಲಿನಲ್ಲಿ ಬಂದು ಆರು ಸಾವಿರ ಅಡಿ ಕೆಳಗಿಳಿದು ಹೋಗುತ್ತಿದ್ದ. ತೋಳು ಒನಕೆಯ ಗಾತ್ರ, ಬಾಯಿ ಅದಕ್ಕಿಂತ ಜೋರು. ತಂಗಿಯ ಮನೆಗೆ ಬಂದಾಗಲೆಲ್ಲ, "ನಾವು ಕೆಳಗೆ ಸಾಯ್ತೀವಿ, ನೀನು ಮೇಲೆ ಕೂತ್ಕಂಡು ಎಣ್ಣೆ ಬಿಡ್ತೀಯಾ, ಪುಣ್ಯವಂತ ಕಣ್ಲಾ" ಅಂತ ನಗುತ್ತಿದ್ದ. ಅಶ್ವತ್ಥಪ್ಪನೂ ನಗುತ್ತಿದ್ದ. ಇನ್ನೇನು ಮಾಡುತ್ತಾನೆ ಪಾಪ, ಆ ಮಾತು ಸುಳ್ಳಾಗಿರಲಿಲ್ಲವಲ್ಲ. ಕದಿರಮ್ಮ ಮಾತ್ರ ನಗದೆ ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದಳು.

ಐವತ್ತಾರರಲ್ಲಿ ಗಣಿ ಸರ್ಕಾರದ ಕೈಗೆ ಬಂತು. ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಇಂಜಿನ್ ಮನೆಯ ಫೋರ್‌ಮನ್ ದೊರೆ ಹೊರಡುವ ದಿನ ತನ್ನ ಹಳೇ ಮೋಟಾರ್ ಸೈಕಲ್ಲಿನ ಬೀಗದ ಕೈಯನ್ನು ಅಶ್ವತ್ಥಪ್ಪನ ಅಂಗೈಯಲ್ಲಿಟ್ಟು, "ಒರೆಸಿದವನು ನೀನು, ಇಟ್ಟುಕೋ" ಅಂದ. ಆರು ವರ್ಷ ದಿನಾ ಒರೆಸಿದ್ದ ಗಾಡಿ ಅದು. ಒಂದು ಸಲವೂ ಹತ್ತಿರಲಿಲ್ಲ. ಓಡಿಸಲು ಕಲಿತದ್ದು ಆಮೇಲೆ. ಕಲಿತ ಮೇಲೂ ಎಮ್ಮೆ ಹೊಡೆದುಕೊಂಡು ಹೋಗುವವನ ಹಾಗೆ ರಸ್ತೆಯ ಅಂಚಿನಲ್ಲೇ ಮೆಲ್ಲಗೆ ಓಡಿಸುತ್ತಿದ್ದ. ಮಕ್ಕಳು ಪಕ್ಕದಲ್ಲಿ ಓಡಿ ಅವನನ್ನು ಹಿಂದೆ ಹಾಕುತ್ತಿದ್ದವು.

ಮಾರನೇ ವರ್ಷದ ಆಯುಧಪೂಜೆಯ ದಿನ ಎಡವಟ್ಟಾಯಿತು. ಗಾಡಿಗೆ ಚೆಂಡುಹೂವಿನ ಹಾರ ಹಾಕಿ, ಗಂಧ ಬಳಿದು, ಬೂದುಗುಂಬಳ ಒಡೆದು, ಎರಡು ಚಕ್ರದ ಮುಂದೂ ನಿಂಬೆಹಣ್ಣು ಇಟ್ಟಿದ್ದರು. ಹಬ್ಬಕ್ಕೆ ಬಂದಿದ್ದ ಕೋದಂಡಪ್ಪ, ಮೂಲೆಮನೆಯ ಮುದುಕಿ ಪೆದ್ದಮ್ಮ, ಇಡೀ ಲೈನೇ ನಿಂತು ನೋಡುತ್ತಿತ್ತು. ಅಷ್ಟು ಜನ ತನ್ನನ್ನು ಒಟ್ಟಿಗೆ ನೋಡಿದ್ದು ಅಶ್ವತ್ಥಪ್ಪನಿಗೆ ಮದುವೆ ಬಿಟ್ಟರೆ ಅದೇ ಮೊದಲು. ಗಾಡಿ ಹತ್ತಿ ಗೇರು ಹಾಕಿದ್ದವನ ಬಲಗೈ ಗಾಬರಿಗೆ ತಾನಾಗಿ ತಿರುಗಿತು, ಎಡಗೈಯ ಬೆರಳಿಗೆ ಮೆತ್ತಿದ್ದ ಗಂಧಕ್ಕೆ ಕ್ಲಚ್ಚು ಫಕ್ಕನೆ ಜಾರಿತು. ಗಾಡಿ ಗರ್ಜಿಸಿ ಮುಂದಿನ ಚಕ್ರ ಎದೆಯೆತ್ತರ ಎದ್ದುಬಿಟ್ಟಿತು. ಎದ್ದು, ಓರೆಯಾಗಿ ಎರಡು ಮಾರು ಹಾರಿ, ಚರಂಡಿಯ ಪಕ್ಕ ದೊಪ್ಪನೆ ಇಳಿದು ನಿಂತಿತು. ಮುಂದಿನ ನಿಂಬೆಹಣ್ಣು ಇಟ್ಟ ಜಾಗದಲ್ಲೇ ಗುಂಡಗೆ ಕೂತಿತ್ತು.

"ಅಯ್ಯೋ ದೇವ್ರೇ, ನಿಂಬೆಅಣ್ಣು ಒಡೀಲಿಲ್ಲ" ಅಂತ ಪೆದ್ದಮ್ಮ ಕೆನ್ನೆ ಬಡಿದುಕೊಂಡಳು.

ಕೋದಂಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ಲಾ ಅಶ್ವತ್ಥ, ಗಾಡಿನ ನೀನ್ ಓಡಿಸ್ತೀಯೋ, ಗಾಡಿನೇ ನಿನ್ನ ಓಡಿಸ್ತೈತೋ?"

ಮದುವೆಯಾದಾಗಿನಿಂದ ಹನ್ನೊಂದು ವರ್ಷ ನಕ್ಕು ಸುಮ್ಮನಾಗಿದ್ದ ಅಶ್ವತ್ಥಪ್ಪನ ನಾಲಿಗೆಗೆ ಆ ಹೊತ್ತು ಏನು ಹೊಕ್ಕಿತ್ತೋ. "ಬೇಕಂತ್ಲೇ ಎತ್ತಿದ್ದು ಬಾವ" ಅಂದುಬಿಟ್ಟ.

ಅಂದಮೇಲೆ, ಇಲ್ಲ ಕ್ಲಚ್ಚು ಜಾರಿತು ಅಂತ ಹೇಳಲು ಹೊರಟ. ಆದರೆ ಅವನು ಬಾಯಿ ತಿದ್ದಿಕೊಳ್ಳುವ ಮುಂಚೆಯೇ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಕದಿರಮ್ಮ, "ಇವತ್ತೇನು ಓಸದಾ? ನಮ್ಮೋರು ದಿನಾ ಎತ್ತುತಾರೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅವಳ ಮುಖ ತಟ್ಟೆಯ ದೀಪಕ್ಕಿಂತ ಹೆಚ್ಚು ಬೆಳಗುತ್ತಿತ್ತು. ಅಶ್ವತ್ಥಪ್ಪ ಅವಳನ್ನು ಹಾಗೆ ನೋಡಿದ್ದೇ ಇಲ್ಲ.

"ಅಂಗಾದ್ರೆ ಇನ್ನೊಂದ್ ಸಲ ಎತ್ತು, ನೋಡಾನ" ಅಂದ ಕೋದಂಡಪ್ಪ.

"ಪೂಜೆ ಮಾಡಿದ ಗಾಡೀಲಿ ಯಾರಾದ್ರೂ ಆಟ ಆಡ್ತಾರಾ?" ಅಂದಳು ಕದಿರಮ್ಮ.

"ಆಯ್ತು. ವೈಶಾಖದಲ್ಲಿ ನಮ್ಮ ಮಗೂಗೆ ಕಿವಿ ಚುಚ್ತೀವಲ್ಲ, ಊರಿಗೆ ಬಾ. ಊರೋರ ಮುಂದೆ ಎತ್ತು."

ಮಾರನೇ ದಿನದಿಂದ ಕದಿರಮ್ಮನ ನಡಿಗೆಯೇ ಬೇರೆಯಾಯಿತು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು, "ನಮ್ಮೋರು ಎತ್ತಿದ್ರಲ್ಲ" ಅಂತ ಶುರುಮಾಡಿದರೆ ನೀರು ತುಂಬಿ ಹರಿದು ಹೋದರೂ ಮಾತು ಮುಗಿಯುತ್ತಿರಲಿಲ್ಲ. ಅಶ್ವತ್ಥಪ್ಪ ಅದನ್ನು ಕಿಟಕಿಯಿಂದ ಕೇಳಿ ಬೆವರಿದ. ಊರು ನಕ್ಕರೆ ನಗಲಿ, ಅವನಿಗೆ ಅಭ್ಯಾಸವಿತ್ತು. ಹೆಂಡತಿಯ ಮುಖದ ಆ ಬೆಳಕು ಆರಿಹೋದರೆ ಮಾತ್ರ ತಾನು ತಾಳಲಾರೆ ಅನ್ನಿಸಿತು. ವೈಶಾಖಕ್ಕೆ ಏಳು ತಿಂಗಳಿತ್ತು. ಆ ಸುಳ್ಳನ್ನು ಅಷ್ಟರೊಳಗೆ ನಿಜ ಮಾಡಬೇಕು, ಬೇರೆ ದಾರಿ ಇರಲಿಲ್ಲ.

ಆಂಡರ್ಸನ್‌ಪೇಟೆಯಲ್ಲಿ ಪೆರುಮಾಳ್ ಅಂತ ಒಬ್ಬ ತಮಿಳು ಮೆಕ್ಯಾನಿಕ್ ಇದ್ದ. ವಯಸ್ಸಿನಲ್ಲಿ ಮೂರು ವರ್ಷ ಅಷ್ಟೇ ಚಿಕ್ಕವನು, ಮಾತಿನಲ್ಲಿ ಮುನ್ನೂರು ವರ್ಷ ದೊಡ್ಡವನು. ಮೊದಲು ಊರೂರು ಸುತ್ತುವ ಸರ್ಕಸ್ಸಿನಲ್ಲಿ ಮರದ ಬಾವಿಯೊಳಗೆ ಮೋಟಾರ್ ಸೈಕಲ್ ಸುತ್ತಿಸುವವರ ಗಾಡಿ ರಿಪೇರಿ ಮಾಡಿಕೊಂಡಿದ್ದವನು. ಅಶ್ವತ್ಥಪ್ಪ ಅವನ ಹತ್ತಿರ ಹೋಗಿ ಗುಟ್ಟಾಗಿ ವಿಷಯ ಹೇಳಿದ.

"ಅಣ್ಣೇ, ಒಂದು ವಾರ ಸಾಕು" ಅಂದ ಪೆರುಮಾಳ್.

"ನೀನು ಎತ್ತಿದ್ದೀಯಾ?"

"ನಾನ್ ಯಾಕೆ ಎತ್ತಲಿ ಅಣ್ಣೇ? ಎತ್ತೋದನ್ನ ಈ ಕಣ್ಣಲ್ಲೇ ಸಾವಿರ ಸಲ ಪಾತ್ತಿದ್ದೀನಿ."

ಗುರು ಸಿಕ್ಕಿದ್ದು ಇಂಥವನು. ಆದರೂ ಗುರು ಗುರುವೇ. ಮೂರು ಗಂಟೆಗೆ ಶಿಫ್ಟು ಬಿಟ್ಟರೆ ಇಬ್ಬರೂ ಸೈನೈಡ್ ದಿಬ್ಬದ ಬುಡಕ್ಕೆ ಹೋಗುತ್ತಿದ್ದರು. ಚಿನ್ನ ತೆಗೆದು ಬಿಸಾಕಿದ ಬಿಳಿ ಪುಡಿಮಣ್ಣು ಅಲ್ಲಿ ಬೆಟ್ಟವಾಗಿ ಬಿದ್ದಿದೆ. ಬುಡದಲ್ಲಿ ಮಟ್ಟಸವಾದ ಜಾಗ, ಬಿದ್ದರೆ ಮೂಳೆ ಮುರಿಯುವುದಿಲ್ಲ. ಪೆರುಮಾಳ್ ಒಂದು ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿ ಕೂಗುತ್ತಿದ್ದ: "ಮೊದಲನೇ ಗೇರು! ಮೆಲ್ಲಗೆ ಓಗು! ಈಗ ಕ್ಲಚ್ಚು ಹಿಡಿ, ಆಕ್ಸಿಲೇಟರ್ ಕೊಡು, ಕ್ಲಚ್ಚು ಬಿಡು, ಹಿಂದಕ್ಕೆ ವಾಲು, ಭಯಪಡಬೇಡ!" ಅಷ್ಟನ್ನೂ ಒಂದೇ ಉಸಿರಿಗೆ ಹೇಳಿದರೆ ಯಾವನಿಗೆ ಆಗುತ್ತದೆ? ಕ್ಲಚ್ಚು ಬಿಟ್ಟಾಗ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ನಿಲ್ಲದಿದ್ದರೆ ಚಕ್ರ ಒಂದು ಗೇಣು ಎದ್ದು ಇಳಿಯುತ್ತಿತ್ತು. ಒಂದು ಗೇಣು ದಾಟಿದರೆ ಅಶ್ವತ್ಥಪ್ಪನ ಎದೆ ಬಾಯಿಗೆ ಬಂದು, ಹ್ಯಾಂಡಲ್ ಬಿಟ್ಟು, ಗಾಡಿ ಒಂದು ಕಡೆ, ಅವನು ಇನ್ನೊಂದು ಕಡೆ. ಒಂದು ವಾರ ಒಂದು ತಿಂಗಳಾಯಿತು, ತಿಂಗಳು ಮೂರಾದವು.

ಮೊಣಕೈ ತರಚಿಕೊಂಡು ಹೋದ ಸಂಜೆ, "ಇಂಜಿನ್ ಮನೆ ಮೆಟ್ಲಲ್ಲಿ ಜಾರ್‍ದೆ" ಅಂದ. ಕದಿರಮ್ಮ ಉಪ್ಪಿನ ಶಾಖ ಕೊಟ್ಟಳು. ಮುಂದಿನ ವಾರ ಸೊಂಟ ಹಿಡಿದುಕೊಂಡು ಬಂದ. "ಅದೇ ಮೆಟ್ಲಾ?" ಅಂತ ಕೇಳಿದಳು. ಅದೇ ಅಂದ. "ಆ ಮೆಟ್ಲು ರಿಪೇರಿ ಮಾಡ್ಸಕ್ಕೆ ಯೋಳ್ಬಾರ್ದಾ" ಅಂತ ಬೇವಿನೆಣ್ಣೆ ತಿಕ್ಕಿದಳು. ಪಾಪ, ಎಷ್ಟು ನಂಬುತ್ತಾಳೆ ಅಂದುಕೊಂಡ.

ಕಲಿಸಿದ್ದು ಕೊನೆಗೆ ಪೆರುಮಾಳನಲ್ಲ, ಇಂಜಿನ್ ಮನೆ. ಮಾಘಮಾಸದ ಒಂದು ಬೆಳಿಗ್ಗೆ ಎಣ್ಣೆ ಡಬ್ಬ ಹಿಡಿದು ನಿಂತಿದ್ದಾಗ ಹನ್ನೆರಡು ವರ್ಷದಿಂದ ನೋಡುತ್ತಿದ್ದುದನ್ನು ಅಶ್ವತ್ಥಪ್ಪ ಮೊದಲ ಸಲ ಕಂಡ. ಕೆಳಗಿನಿಂದ ಗಂಟೆಯ ಸನ್ನೆ ಬಂದಾಗ ಡ್ರೈವರು ಯಂತ್ರ ಹೊರಡಿಸುವುದಕ್ಕೆ ಮುಂಚೆ ಬ್ರೇಕಿನ ಹಿಡಿಯ ಮೇಲೆ ಕೈ ಇಡುತ್ತಿದ್ದ. ಹೊರಡಿಸಿದ ಮೇಲೂ ಆ ಕೈ ಅಲ್ಲಿಂದ ಏಳುತ್ತಿರಲಿಲ್ಲ. ನಲವತ್ತು ಆಳು ನಿಂತ ಕಬ್ಬಿಣದ ಪಂಜರ ಬಾಣದ ಹಾಗೆ ಮೇಲಕ್ಕೆ ಬರುತ್ತಿದ್ದರೂ ಅವನ ಮುಖದಲ್ಲಿ ಗಾಬರಿ ಇರಲಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ಅವನು ಮೊದಲೇ ನೋಡಿಕೊಂಡಿರುತ್ತಿದ್ದ. ತಾನು ಇಷ್ಟು ದಿನ ಎತ್ತುವುದನ್ನಷ್ಟೇ ಯೋಚಿಸಿದ್ದೆ, ಇಳಿಸುವುದನ್ನು ಯೋಚಿಸಿರಲಿಲ್ಲ ಅನ್ನುವುದು ಅಶ್ವತ್ಥಪ್ಪನಿಗೆ ಹೊಳೆಯಿತು.

ಅಂದು ಮೂರು ಗಂಟೆಗೆ ಕಾದಿದ್ದವನ ಹಾಗೆ ದಿಬ್ಬಕ್ಕೆ ಓಡಿದ. ಎಡಗಾಲನ್ನು ಹಿಂದಿನ ಬ್ರೇಕಿನ ಮೇಲೆ ಹಗುರವಾಗಿ ಇಟ್ಟ, ಆ ಸೀಮೆ ಗಾಡಿಯಲ್ಲಿ ಅದು ಎಡಕ್ಕೇ ಇತ್ತು. ಇದೊಂದು ಕಾಲು ಒತ್ತಿದರೆ ಚಕ್ರ ಇಳಿಯುತ್ತದೆ ಅಂತ ತನಗೆ ತಾನೇ ಹೇಳಿಕೊಂಡ. ಆಮೇಲೆ ಕೊಟ್ಟ, ಬಿಟ್ಟ, ವಾಲಿದ. ಚಕ್ರ ಎದ್ದಿತು. ಒಂದು ಗೇಣು ದಾಟಿತು, ಮೊಳ ದಾಟಿತು. ಅವನ ಎದೆ ಬಾಯಿಗೆ ಬರಲಿಲ್ಲ, ಇದ್ದಲ್ಲೇ ಇತ್ತು. ಮುಖದ ಮುಂದೆ ಆ ಚಕ್ರ ನೆಲದ ಹಂಗಿಲ್ಲದೆ ತನ್ನ ಪಾಡಿಗೆ ತಾನು ತಿರುಗುತ್ತಿತ್ತು, ಅದರಾಚೆ ಬರೀ ಆಕಾಶ. ನಾಲ್ಕು ಮಾರು ಹೋಗಿ ಕಾಲು ಒತ್ತಿದ. ಹೂ ಇಟ್ಟ ಹಾಗೆ ಇಳಿಯಿತು. ಅಶ್ವತ್ಥಪ್ಪನಿಗೆ ಹುಟ್ಟಿದಾಗಿನಿಂದ ಅಂಥ ಸಂತೋಷ ಆಗಿರಲಿಲ್ಲ. ಗಾಡಿಯಿಂದ ಇಳಿದು ಆ ಬಿಳಿ ಮಣ್ಣಿನಲ್ಲಿ ಕೂತು ಮಗುವಿನ ಹಾಗೆ ನಕ್ಕ.

"ಪಾತ್ತೀಯಾ ಅಣ್ಣೇ, ನಾನು ಯೋಳಿಕೊಟ್ಟ ಹಾಗೇ ಮಾಡ್ದೆ" ಅಂತ ಪೆರುಮಾಳ್ ಬೀಡಿ ಎಸೆದು ಎದ್ದು ನಿಂತ. ಅಶ್ವತ್ಥಪ್ಪ ಹೌದಪ್ಪ ಅಂದ. ಕೊಡುವ ಮರ್ಯಾದೆಯಲ್ಲಿ ಅವನು ಎಂದೂ ಜುಗ್ಗನಾಗಿರಲಿಲ್ಲ.

ವೈಶಾಖ ಬಂತು. ತಮ್ಮ ಮಕ್ಕಳನ್ನು ಅಶ್ವತ್ಥಪ್ಪನ ಅವ್ವನ ಜೊತೆ ರೈಲಿಗೆ ಹತ್ತಿಸಿ, ಗಂಡಹೆಂಡಿರು ಮೋಟಾರ್ ಸೈಕಲ್ಲಿನಲ್ಲಿ ಹೊರಟರು. ಬಂಗಾರಪೇಟೆ ದಾಟಿ ಹಳ್ಳಿಯ ದಾರಿ ಹಿಡಿದಾಗ ಅಶ್ವತ್ಥಪ್ಪ ಗಾಡಿಯನ್ನು ಇನ್ನೂ ನಿಧಾನ ಮಾಡಿದ. ದಿಬ್ಬದ ಮೆದು ಮಣ್ಣಿನಲ್ಲಿ ಎತ್ತಿದ್ದಷ್ಟೇ, ಗಟ್ಟಿ ರಸ್ತೆಯಲ್ಲಿ ಎತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಭಾರವೆಂದರೆ, ಏನೂ ಅರಿಯದೆ ಅವನ ಬೆನ್ನು ಹಿಡಿದು ಕೂತಿದ್ದ ಹೆಂಡತಿ. ಅವನು ಒಂದು ಹೊಂಗೆಮರದ ಕೆಳಗೆ ಗಾಡಿ ನಿಲ್ಲಿಸಿದ.

"ಕದಿರಿ, ಒಂದ್ ಮಾತು. ಅವತ್ತು ನಾನು ಬೇಕಂತ ಎತ್ತಲಿಲ್ಲ. ಕ್ಲಚ್ಚು ಜಾರಿತ್ತು. ಸುಳ್ಳಾಡ್ದೆ."

ಕದಿರಮ್ಮ ಬಾಳೆಹಣ್ಣಿನ ಚೀಲವನ್ನು ಮರದ ಬುಡಕ್ಕೆ ಒರಗಿಸಿದಳು. "ಗೊತ್ತು" ಅಂದಳು.

"ಗೊತ್ತಾ?"

"ನಿನ್ ಎರಡು ಕಣ್ಣೂ ಮುಚ್ಚಿದ್ವು ಮಾವ. ಬೇಕಂತ ಎತ್ತೋನು ಕಣ್ ಮುಚ್ತಾನಾ? ಏಳು ತಿಂಗಳಿಂದ ನಿನ್ ಚಡ್ಡಿ ಅಂಗಿ ಒಗೆಯೋಳು ನಾನು. ಇಂಜಿನ್ ಮನೆ ಮೆಟ್ಲಲ್ಲಿ ಸೈನೈಡ್ ಮಣ್ಣು ಎಲ್ಲಿಂದ ಬತ್ತದೆ?"

ಅಶ್ವತ್ಥಪ್ಪ ಅವಳ ಕಡೆ ಪೂರ್ತಿ ತಿರುಗಿದ. "ಅಂಗಾದ್ರೆ ದಿನಾ ಎತ್ತುತಾರೆ ಅಂತ ಯಾಕಂದೆ? ನಲ್ಲಿ ಅತ್ರ ಎಲ್ಲಾರ್ಗೂ ಯಾಕೆ ಯೋಳ್ದೆ?"

"ನಮ್ಮಣ್ಣ ಅನ್ನೊಂದು ವರ್ಸದಿಂದ ನಗ್ತಾನೆ. ನೀನು ಒಂದ್ ಸಲನೂ ಎದುರು ಮಾತಾಡ್ದೋನಲ್ಲ. ಅವತ್ತೊಂದಿನ ಆಡ್ದೆ, ಅದೂ ಸುಳ್ಳು. ನಿನ್ನ ಒಬ್ಬನ್ನೇ ಸುಳ್ಳಾಡಕ್ಕೆ ಬಿಟ್ಬಿಡ್ಲಾ?" ಕದಿರಮ್ಮ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. "ಈಗ ಬತ್ತದಾ?"

"ಬತ್ತದೆ. ದಿಬ್ಬದ ಮಣ್ಣಲ್ಲಿ ಬತ್ತದೆ."

"ಇಲ್ಲಿ ಎತ್ತು. ನಾನು ನೋಡ್ಬೇಕು."

ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಅಶ್ವತ್ಥಪ್ಪ ನೂರು ಹೆಜ್ಜೆ ಹಿಂದಕ್ಕೆ ಹೋಗಿ ತಿರುಗಿಸಿಕೊಂಡ. ಎಡಗಾಲು ಬ್ರೇಕಿನ ಮೇಲೆ ಇಟ್ಟ. ಹೆಂಡತಿಯ ಮುಂದೆ ಬರುವ ಹೊತ್ತಿಗೆ ಚಕ್ರ ಅವಳ ತಲೆಯ ಮಟ್ಟಕ್ಕೆ ಎದ್ದಿತ್ತು. ಅವನ ಕಣ್ಣು ತೆರೆದೇ ಇದ್ದವು. ಹೊಂಗೆಮರ ದಾಟಿ, ಅದರ ನೆರಳೂ ದಾಟಿ, ಆಮೇಲೆ ಇಳಿಸಿದ. ಹಿಂತಿರುಗಿ ನೋಡಿದರೆ ಕದಿರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು, ಕಣ್ಣಲ್ಲಿ ನೀರು.

"ಇನ್ನೊಂದ್ ಸಲ" ಅಂದಳು.

ಅವನು ಮೂರು ಸಲ ಎತ್ತಿದ. ನಾಲ್ಕನೆಯದಕ್ಕೆ ಅವಳೇ, "ಸಾಕು ಬಿಡು, ಕಿವಿ ಚುಚ್ಚೋ ಒತ್ತಾಯ್ತು" ಅಂದಳು.

ಕಿವಿ ಚುಚ್ಚಿದ್ದಾಯಿತು, ಮಗು ಅತ್ತು ಬೆಲ್ಲ ತಿಂದು ಮಲಗಿದ್ದೂ ಆಯಿತು. ಚಪ್ಪರದ ಕೆಳಗೆ ಊಟಕ್ಕೆ ಕೂತಾಗ ಕೋದಂಡಪ್ಪ ಎಲ್ಲರಿಗೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡ. "ಲೇ ಅಶ್ವತ್ಥ, ಮಾತು ಮರೆತ್ಯಾ? ಊರೆಲ್ಲ ಸೇರೈತೆ. ಎಲ್ಲಿ, ಎತ್ತು ನೋಡಾನ."

ಅಶ್ವತ್ಥಪ್ಪ ಹೆದರಲಿಲ್ಲ. ಎಲೆಯ ಮುಂದಿನಿಂದ ಏಳಲು ಕೈ ಊರಿದ. ಅಷ್ಟರಲ್ಲಿ ಅನ್ನ ಬಡಿಸುತ್ತ ಬಂದಿದ್ದ ಕದಿರಮ್ಮ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದಳು.

"ಊಟದ ನಡುವೆ ಏಳ್ಬೇಡ ಮಾವ" ಅಂದು ಅಣ್ಣನ ಕಡೆ ತಿರುಗಿದಳು. "ಕುಣೀರಿ ಅಂದಾಗ ಕುಣಿಯಕ್ಕೆ ಅವರೇನು ಸರ್ಕಸ್ನೋರಾ? ಎತ್ತುತಾರೆ ಅಂತ ನಾನು ಯೋಳ್ತಾ ಇದೀನಿ. ನನ್ ಕಣ್ಣಾರೆ ನೋಡಿದೀನಿ."

ಕೋದಂಡಪ್ಪ ತಂಗಿಯ ಮುಖವನ್ನೇ ನೋಡಿದ. ಆ ಮುಖವನ್ನು ಅವಳು ಹುಟ್ಟಿದಾಗಿನಿಂದ ಅವನು ಬಲ್ಲ, ಅದರಲ್ಲಿ ಸುಳ್ಳು ಎಲ್ಲಿ ಕೂರುತ್ತದೆ ಅನ್ನುವುದೂ ಬಲ್ಲ. ಎಷ್ಟು ಹುಡುಕಿದರೂ ಅವನಿಗೆ ಅದು ಸಿಗಲಿಲ್ಲ. ನಗಲು ತೆರೆದಿದ್ದ ಬಾಯಿ ಮುಚ್ಚಿ, "ಅಂಗಾದ್ರೆ ಸರಿ ಬಿಡಮ್ಮ. ಅವರ ಎಲೆಗೆ ತುಪ್ಪ ಬಿಡು" ಅಂದ. ಅವನ ಬಾಯಲ್ಲಿ ಅಶ್ವತ್ಥಪ್ಪ 'ಅವನು' ಹೋಗಿ 'ಅವರು' ಆದದ್ದು ಅದೇ ಮೊದಲು.

ಅಶ್ವತ್ಥಪ್ಪನಿಗೆ ಎದ್ದು ಹೋಗಿ ತೋರಿಸಬೇಕೆಂಬ ಆಸೆ ಒಂದು ಚೂರೂ ಉಳಿದಿರಲಿಲ್ಲ. ಏಳು ತಿಂಗಳು ಯಾರ ಕಣ್ಣಿಗಾಗಿ ಬಿದ್ದು ಎದ್ದಿದ್ದನೋ ಆ ಕಣ್ಣು ನೋಡಿಯಾಗಿತ್ತು. ಅವನು ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತು, ಅನ್ನದ ನಡುವೆ ಗುಳಿ ಮಾಡಿ, ಸಾರು ಬಿಡು ಅಂತ ಹೆಂಡತಿಗೆ ಹೇಳಿದ.