ಅಕ್ಕನ ಕೈಯ ಫೋಟೊ

ಆ ಫೋಟೊ ತೆಗೆದವಳು ನಾನೇ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮೂರಿನ ಯಾರಾದರೂ ಇದನ್ನು ಓದಿ, ಎಲ್ಲ ತಾನೇ ಮಾಡಿ ಈಗ ಶಾಣ್ಯಾತನದ ಮಾತು ಬರೆಯಲು ಕೂತಿದ್ದಾಳೆ ಎಂದು ಮೂಗು ಮುರಿಯುತ್ತಾರೆ. ಮುರಿಯಲಿ. ಅವರು ಹೇಳುವುದು ಸುಳ್ಳೂ ಅಲ್ಲ. ಆದರೆ ಆ ಫೋಟೊ ಅವರ ಫೋನಿನಲ್ಲೂ ಇತ್ತು. ಅವರೂ ಅದನ್ನು ನಾಲ್ಕು ಕಡೆ ಕಳಿಸಿದ್ದರು. ತಪ್ಪಾಯಿತು ಅಂತ ಇವತ್ತಿನವರೆಗೆ ಒಬ್ಬರೂ ಅಂದಿಲ್ಲ.

ನಮ್ಮೂರು ಇರಕಲ್ಲಗಡದಿಂದ ನಡೆದೇ ಹೋಗುವಷ್ಟು ದೂರ. ಅಪ್ಪ ಆ ಭಾಗದ ಪಡೆಯ ಮುಖ್ಯಸ್ಥ. ಪಡೆ ಅಂದರೆ ಸರ್ಕಾರದ್ದಲ್ಲ, ಧರ್ಮ ಕಾಯುತ್ತೇವೆ ಅಂತ ತಾವೇ ಕೋಲು ಹಿಡಿದು ನಿಂತವರದ್ದು. ಅದಕ್ಕೊಂದು ಉದ್ದನೆಯ ಹೆಸರಿತ್ತು, ಅದನ್ನು ಬರೆಯಲು ನನಗೆ ಮನಸ್ಸಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹಿಂದಿನ ಕಣದಲ್ಲಿ ಸಾಲಾಗಿ ನಿಂತು ಲಾಠಿ ತಿರುಗಿಸುವುದು, ಆಮೇಲೆ ಘೋಷಣೆ, ಆಮೇಲೆ ನಮ್ಮ ಮನೆಯಲ್ಲೇ ರೊಟ್ಟಿ ಊಟ. ಬೇರೆ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ನಾನು ಒಂದೇ ಏಟಿಗೆ ಗಡಿಗೆ ಒಡೆಯುವುದನ್ನು ಕಲಿತಿದ್ದೆ. ಆ ಗಡಿಗೆಗಳ ಮೇಲೆ ಸುಣ್ಣದಿಂದ ಗಡ್ಡ ಬರೆದಿರುತ್ತಿದ್ದರು. ಅದು ಯಾರ ಗಡ್ಡ ಅಂತ ಕೇಳಬೇಕು ಅಂತಲೂ ನನಗೆ ಅನ್ನಿಸಿರಲಿಲ್ಲ. ಗಡಿಗೆ ಒಡೆದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನನಗೆ ಅಷ್ಟು ಸಾಕಿತ್ತು.

ಒಂಬತ್ತನೇ ವಯಸ್ಸಿಗೆ ನನ್ನ ಪ್ರಮಾಣವಾಯಿತು. ಹೇಮಗುಡ್ಡದ ದುರ್ಗವ್ವನಿಗೆ ಕಾಯಿ ಒಡೆಸಿಕೊಂಡು ಬಂದು, ಗುಡ್ಡದ ಕೆಳಗೆ ಹಾಕಿದ್ದ ಶಿಬಿರದಲ್ಲಿ ಕೈ ಮುಂದೆ ಚಾಚಿ, ಪಡೆಯ ಮಾತು ಮೀರುವುದಿಲ್ಲ ಎಂದು ಒದರಿದೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಿಬಿರವನ್ನೆಲ್ಲ ಸುತ್ತಿಸಿದ. ಆ ದಿನ ನನಗಾದ ಸಂತೋಷ ಸುಳ್ಳಲ್ಲ. ಆ ಸಂತೋಷಕ್ಕೇ ಈಗ ನನಗೆ ಹೆಚ್ಚು ಸಿಟ್ಟು ಬರುವುದು.

ಅದೇ ಶಿಬಿರದಲ್ಲಿ ಅಕ್ಕನ ಕೈ ಸುಟ್ಟಿತು. ಅವಳಿಗೆ ಆಗ ಹನ್ನೆರಡು. ಅಷ್ಟೊಂದು ಗಂಡಸರಿಗೆ ರೊಟ್ಟಿ ಬಡಿಯಲು ಅವ್ವನ ಜೊತೆ ಅವಳನ್ನೂ ಕೂರಿಸಿದ್ದರು. ಕಾದ ಹಂಚು ಜಾರಿ ಅವಳ ಎಡಗೈ ಮಣಿಕಟ್ಟಿನ ಮೇಲೆ ಬಿತ್ತು. ಅಪ್ಪ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಗಂಗಾವತಿಯ ಆಸ್ಪತ್ರೆಗೆ ಓಡಿದ. ದಾರಿಯುದ್ದಕ್ಕೂ ಅಪ್ಪನೇ ಅತ್ತಿದ್ದನಂತೆ, ಅಕ್ಕ ಅಳಲಿಲ್ಲವಂತೆ. ಗಾಯ ಮಾಯ್ದರೂ ಅರ್ಧ ಚಂದ್ರನ ಹಾಗೆ ಒಂದು ಕಲೆ ಉಳಿಯಿತು.

ಕಾಲೇಜಿಗೆ ಅಂತ ನಾನು ದಿನಾ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗುವ ಹೊತ್ತಿಗೆ ಪಡೆಯಲ್ಲಿ ಹೆಣ್ಣುಮಕ್ಕಳಿಗೂ ಕೆಲಸ ಬಂತು. ಕೋಲಿನ ಕೆಲಸವಲ್ಲ, ಕಣ್ಣಿನ ಕೆಲಸ. ಯಾವ ಹುಡುಗಿ ಯಾರ ಜೊತೆ ನಿಂತಿದ್ದಾಳೆ, ಯಾವ ಬಸ್ಸು ಹತ್ತಿದಳು, ನೋಡಿ ಪಡೆಯ ಗ್ರೂಪಿಗೆ ಹಾಕಬೇಕು. ನಾನು ಇದರಲ್ಲಿ ಭಾರಿ ಚುರುಕು. ನಮ್ಮ ತರಗತಿಯ ಒಬ್ಬಳು ಒಬ್ಬ ಸಾಬರ ಹುಡುಗನಿಂದ ನೋಟ್ಸು ಇಸಿದುಕೊಂಡದ್ದನ್ನು ಹಾಕಿದೆ. ಮರುದಿನವೇ ಅವಳ ಮನೆಗೆ ನಾಲ್ಕು ಜನ ಹೋದರು, ಎರಡು ತಿಂಗಳಲ್ಲಿ ಅವಳನ್ನು ಯಲಬುರ್ಗಾ ಕಡೆ ಕೊಟ್ಟು ಕೈ ತೊಳೆದುಕೊಂಡರು. ಓದಿನಲ್ಲಿ ಅವಳು ನನಗಿಂತ ಮುಂದಿದ್ದಳು. ಅವಳ ಬೆಂಚು ಖಾಲಿಯಾದ ದಿನ ನನಗೆ ಏನೂ ಅನ್ನಿಸಲಿಲ್ಲ. ಥೂ, ಏನೂ ಅನ್ನಿಸಲಿಲ್ಲ.

ಇನ್ನು ಬಳೆಗಾರ ಕಾಕಾ. ಭಾಗ್ಯನಗರದಿಂದ ಪ್ರತಿ ಸೋಮವಾರ ನಮ್ಮೂರಿಗೆ ಬರುತ್ತಿದ್ದ ಮುದುಕರು. ಬಿಳಿ ಟೋಪಿ, ಹೆಗಲ ಮೇಲೆ ಬಳೆಯ ಮಲಾರ. ನಮ್ಮ ಕಡೆ ಹೆಣ್ಣುಮಕ್ಕಳು ಗಾಜಿನ ಬಳೆಯನ್ನು ತಾವೇ ಏರಿಸಿಕೊಳ್ಳುವುದಿಲ್ಲ, ಬಳೆಗಾರನ ಕೈಯಿಂದ ಇಡಿಸಿಕೊಳ್ಳುತ್ತಾರೆ. ಊರ ಹೆಂಗಸರ ಕೈಯನ್ನು ಅವರ ಗಂಡಂದಿರ ಎದುರಿಗೇ ಹಿಡಿಯಬಹುದಾದ ಪರಗಂಡಸು ಅಂದರೆ ಅವರೊಬ್ಬರೇ. ಅದನ್ನು ಯಾರೂ ಯಾವತ್ತೂ ಒಂದು ಮಾತಾಗಿ ಎತ್ತಿರಲಿಲ್ಲ. ಅವರು ಹೆಬ್ಬೆರಳಿನ ಬುಡವನ್ನು ಒತ್ತಿ ಮಡಚುತ್ತ, ತವರಿನ ಸುದ್ದಿ ಕೇಳುತ್ತ, ಮಳೆಯ ಮಾತಾಡುತ್ತ, ನೋವು ಗೊತ್ತಾಗುವುದರೊಳಗೆ ಬಳೆಯನ್ನು ಗಂಟು ದಾಟಿಸಿಬಿಡುತ್ತಿದ್ದರು. ಕೊನೆಗೆ ಇಡಿಸಿಕೊಂಡವಳು ಬಳೆ ಕಣ್ಣಿಗೊತ್ತಿಕೊಂಡು ಅವರಿಗೆ ಕೈ ಮುಗಿಯುತ್ತಿದ್ದಳು. ಅವರು ತಣ್ಣಗಿರವ್ವ ಅನ್ನುತ್ತಿದ್ದರು.

ಪಡೆಯ ಕಣ್ಣಿಗೆ ಬಿದ್ದದ್ದು ಇದೇ. ಗಂಗಾವತಿಯಿಂದ ಬಂದಿದ್ದ ಒಬ್ಬ ಪ್ರಮುಖ ನಮ್ಮ ಪಡಸಾಲೆಯಲ್ಲಿ ಕೂತು, ಅನ್ಯರು ನಮ್ಮ ಹೆಣ್ಣುಮಕ್ಕಳ ಕೈ ಮುಟ್ಟುತ್ತಿದ್ದಾರೆ, ಊರೂರಿನಲ್ಲಿ ಇದು ನಡೆಯುತ್ತಿದೆ, ಇದಕ್ಕೊಂದು ಸಾಕ್ಷಿ ಬೇಕು ಅಂದ. ಅವನಿಗೂ ತಾಯಿ ಇದ್ದಾಳಲ್ಲ, ಅವಳು ಬಳೆಯನ್ನೇನು ಗಾಳಿಯಿಂದ ಇಡಿಸಿಕೊಂಡಿದ್ದಳೇ? ಹೀಗೆ ಕೇಳುವ ಬುದ್ಧಿ ಆಗ ನನಗಿರಲಿಲ್ಲ. ಸಾಕ್ಷಿ ನಾನು ತರುತ್ತೇನೆ ಅಂದೆ.

ಅದೇ ವಾರ ಅಕ್ಕ ಕುಷ್ಟಗಿಯ ಗಂಡನ ಮನೆಯಿಂದ ಬಂದಳು. ಮೊದಲ ಬಸಿರು, ಐದು ತಿಂಗಳು. ಬಸುರಿಗೆ ಉಡಿ ತುಂಬುವ ಕುಬಸಕ್ಕೆ ಹಸಿರು ಬಳೆ ಇಡಿಸಬೇಕು ಅಂತ ಅವ್ವ ಸೋಮವಾರ ಕಾಕಾನನ್ನು ಮನೆಗೇ ಕರೆದಳು. ಪಡೆಯವರು ಬೇಡ ಅಂದಿದ್ದಾರೆ ಅಂತ ನಾನು ಅಡ್ಡ ಮಾತಾಡಿದೆ. ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಿಮ್ಮಿಬ್ಬರನ್ನೂ ಹಡದಾಗ ನನಗ ಬಳಿ ಇಟ್ಟಾವ ಅವ. ನಿಮ್ಮಪ್ಪ ಗಂಗಾವತಿಗೆ ಹೋಗ್ಯಾನ, ನೀ ಸುಮ್ನ ಕುಂದ್ರು" ಅಂದಳು.

ಅಕ್ಕ ಕಾಲು ಮಡಚಿ ಕೂತು ಎಡಗೈ ಚಾಚಿದಳು. ಸುಟ್ಟ ಕಲೆಯ ಹತ್ತಿರ ಕಾಕಾ ಬಹಳ ನಿಧಾನವಾಗಿ ಬಳೆ ಏರಿಸುತ್ತಿದ್ದರು. ನಿಮ್ಮವ್ವನ ಕೈಯಲ್ಲೂ ಇದೇ ಗಂಟು ಅಡ್ಡ ಬರುತ್ತಿತ್ತು ಅಂತ ನಗಿಸುತ್ತಿದ್ದರು. ನಾನು ಬಾಗಿಲ ಪಕ್ಕ ನಿಂತು ಎರಡು ಕೈ ಮಾತ್ರ ಕಾಣುವ ಹಾಗೆ ಫೋಟೊ ತೆಗೆದೆ. ಅಕ್ಕನ ಮುಖ ಬರದಂತೆ ಕತ್ತರಿಸಿದೆ, ಅವರ ಬಿಳಿ ಗಡ್ಡ ಬರುವಂತೆ ಉಳಿಸಿದೆ. ಮುಖ ಇಲ್ಲದ ಮೇಲೆ ಅದು ಯಾರ ಕೈಯಾದರೇನು ಅಂತ ನನ್ನ ಲೆಕ್ಕ. ಸಂಜೆಯೊಳಗೆ ಅದರ ಮೇಲೆ ಕೆಂಪು ಅಕ್ಷರ ಕೂತಿತ್ತು, ನಮ್ಮ ಹೆಣ್ಣುಮಕ್ಕಳ ಕೈ ಯಾರ ಕೈಯಲ್ಲಿದೆ ನೋಡಿ ಅಂತ. ಅದರ ಕೆಳಗೆ ಬರೆದಿದ್ದ ಹೊಲಸು ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಅವೆಲ್ಲ ಹೊಟ್ಟೆಯಲ್ಲಿ ಕೂಸಿದ್ದ ನನ್ನ ಅಕ್ಕನಿಗೆ ಅಂದ ಮಾತುಗಳು. ಅಂದವರು ವರ್ಷಗಟ್ಟಲೆ ಅವಳ ಕೈಯ ರೊಟ್ಟಿ ತಿಂದವರು. ಗ್ರೂಪಿನಲ್ಲಿ ಅಪ್ಪನೂ ಇದ್ದ. ಅವನೂ ಅದನ್ನು ಮುಂದಕ್ಕೆ ಕಳಿಸಿದ.

ಗುರುವಾರ ಹಾಡಹಗಲೇ, ಇರಕಲ್ಲಗಡದಲ್ಲಿ ಬಸ್ಸಿಗೆ ಕಾಯುತ್ತಿದ್ದ ಕಾಕಾನನ್ನು ನಮ್ಮ ಕಣದಲ್ಲಿ ಲಾಠಿ ಕಲಿತವರು ಹಿಡಿದರು. ಮಲಾರವನ್ನು ರಸ್ತೆಗೆ ಬಡಿದರು. ಯಾವ ಕೈಯಿಂದ ಹಿಡಿದಿದ್ದಿ ಅಂತ ಕೇಳಿ, ಬಲಗೈಯನ್ನು ಕಲ್ಲಿನ ಮೇಲೆ ಇಡಿಸಿ ಹೊಡೆದರು. ಆಮೇಲೆ ಹೆಣ್ಣುಮಗಳ ಕೈ ಹಿಡಿದು ಎಳೆದಿದ್ದಾನೆ ಅಂತ ತಾವೇ ಠಾಣೆಗೆ ಒಯ್ದು ಕೂರಿಸಿದರು. ಇದೆಲ್ಲವನ್ನೂ ಅವರು ಗ್ರೂಪಿನಲ್ಲಿ ನಗುವ ಚಿತ್ರಗಳ ಜೊತೆ ಹಾಕಿದ್ದರು. ರಸ್ತೆಯ ಮೇಲೆ ಚೆಲ್ಲಿದ್ದ ಹಸಿರು ಗಾಜಿನ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಅಂಥದೇ ಬಳೆ ಅಕ್ಕನ ಕೈಯಲ್ಲಿತ್ತು.

ಕಾಕಾನನ್ನು ಒಳಗೆ ಹಾಕಿಸಬೇಕಾದರೆ ಒಬ್ಬ ಹೆಣ್ಣುಮಗಳ ಫಿರ್ಯಾದಿ ಬೇಕು. ಪಡೆಯ ವಕೀಲ ಅದನ್ನೂ ಬರೆದು ತಂದ. ಅದರಲ್ಲಿ ಆ ಕೈ ನನ್ನದು, ಹೆಸರು ನನ್ನದು, ಸಹಿಯ ಜಾಗ ಮಾತ್ರ ಖಾಲಿ. ಶುಕ್ರವಾರ ಬೆಳಿಗ್ಗೆ ಅಪ್ಪ ಅದನ್ನು ನನ್ನ ತಾಟಿನ ಪಕ್ಕ ಇಟ್ಟ. ನಾಷ್ಟಾ ಮುಗಿಸಿ ಸಹಿ ಹಾಕು, ಠಾಣೆಗೆ ಹೋಗಿ ಬರೋಣ ಅಂದ. ಹಾಲಿನ ಡೇರಿಗೆ ಹೋಗಿ ಬರೋಣ ಅಂದ ಹಾಗೆ ಅಂದ.

ಅಪ್ಪನಿಗೆ ಗೊತ್ತಿಲ್ಲ, ಗೊತ್ತಾದರೆ ಇದೆಲ್ಲ ಇಲ್ಲಿಗೇ ನಿಲ್ಲುತ್ತದೆ ಅಂತ ನಾನು ನಂಬಿದ್ದೆ. ಅಷ್ಟು ದೊಡ್ಡವಳಾಗಿಯೂ ನಂಬಿದ್ದೆ.

"ಅದು ಅಕ್ಕನ ಕೈ, ಯಪ್ಪಾ" ಅಂದೆ.

"ಗೊತ್ತೈತಿ" ಅಂದ. ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ. "ನೋಡಿದ ದಿನಾನ ಗೊತ್ತಾಗೇತಿ. ಮುಖ ಕಾಣಂಗಿಲ್ಲಲ್ಲ, ಯಾರಿಗೆ ತಿಳಿತೈತಿ?"

ಒಲೆಯ ಮುಂದೆ ಕೂತಿದ್ದ ಅವ್ವನ ಕೈ ಅಲ್ಲಿಗೇ ನಿಂತಿತು. ಅಪ್ಪ ಗೊತ್ತಿದ್ದೂ ಕಳಿಸಿದ್ದ. ಯಾವ ಕೈ ಸುಟ್ಟಿತೆಂದು ಆಸ್ಪತ್ರೆಯ ದಾರಿಯುದ್ದಕ್ಕೂ ಅತ್ತಿದ್ದನೋ, ಅದೇ ಕೈಯನ್ನು ಊರವರ ಹೊಲಸು ಬಾಯಿಗೆ ಕೊಟ್ಟು, ರೊಟ್ಟಿ ಮುರಿಯುತ್ತ ಕೂತಿದ್ದ. ಹೆಣ್ಣುಮಕ್ಕಳ ಮಾನ ಕಾಯುವವರಂತೆ! ಹತ್ತು ವರ್ಷ ಆ ಮಾತನ್ನು ನಾನೂ ಒದರಿದ್ದೆನಲ್ಲ ಅಂತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾನು ಅಕ್ಕನ ಮುಖ ಕತ್ತರಿಸಿದ್ದೆ. ಅಪ್ಪನಿಗೆ ಅದು ಅನುಕೂಲವೇ ಆಗಿತ್ತು.

ಕಾಗದವನ್ನು ಹರಿಯಲಿಲ್ಲ, ಮಡಚಿ ಚೀಲದಲ್ಲಿಟ್ಟುಕೊಂಡೆ. ಬಟ್ಟೆ ಬದಲಿಸುವ ನೆಪ ಮಾಡಿ ಒಳಕೋಣೆಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ. ಅವಳು ಕುಬಸ ಮುಗಿಸಿಕೊಂಡು ಮಂಗಳವಾರವೇ ಕುಷ್ಟಗಿಗೆ ಹೋಗಿದ್ದಳು, ಫೋಟೊದ ಸುದ್ದಿ ಅವಳಿಗೆ ಇನ್ನೂ ಮುಟ್ಟಿರಲಿಲ್ಲ. ಎಲ್ಲ ಹೇಳಿದೆ, ತೆಗೆದವಳು ನಾನು ಅಂತಲೂ ಹೇಳಿದೆ. ಅವಳು ಯಾವ ಠಾಣೆ ಅಂತ ಮಾತ್ರ ಕೇಳಿದಳು.

ಅಪ್ಪನ ಜೊತೆಗೇ ಹೋದೆ. ಠಾಣೆಯ ಹೊರಗೆ ಪಡೆಯ ಹುಡುಗರು ನಿಂತಿದ್ದರು. ಒಳಗೆ ಬೆಂಚಿನ ಮೇಲೆ ಕಾಕಾ, ಬಲಗೈಗೆ ಟವೆಲ್ಲು ಸುತ್ತಿಕೊಂಡು. ನನ್ನನ್ನು ನೋಡಿ ಅವರು ಏಳಲು ಹೋದರು. ಕರೆದ ಮನೆಯ ಮಗಳು ಬಂದಳು, ನಿಜ ಹೇಳುತ್ತಾಳೆ ಅಂದುಕೊಂಡರೋ ಏನೋ. ನಾನು ಸಾಹೇಬರ ಮುಂದೆ ಕಾಗದ ಇಟ್ಟು, ಇದು ಸುಳ್ಳು, ಫೋಟೊ ತೆಗೆದವಳು ನಾನು, ಅವರನ್ನು ಕರೆದದ್ದು ನಮ್ಮವ್ವ, ಆ ಕೈ ನಮ್ಮ ಅಕ್ಕನದು ಅಂದೆ. ಹುಡುಗಿ ಹೆದರಿದ್ದಾಳೆ, ಯಾರೋ ತಲೆ ಕೆಡಿಸಿದ್ದಾರೆ ಅಂತ ವಕೀಲ ಶುರು ಮಾಡಿದ. ಹೆದರಿಕೆಯಾಗಿದ್ದು ನಿಜ. ಆದರೂ ಅದನ್ನೇ ಇನ್ನೊಂದು ಸಲ ಹೇಳಿದೆ. ಸಾಹೇಬರು ನನ್ನನ್ನೂ ಅಪ್ಪನನ್ನೂ ನೋಡುತ್ತ ಕೂತರು. ಮಧ್ಯಾಹ್ನದವರೆಗೂ ಹೀಗೇ ಎಳೆದಾಡಿದರು.

ಅಕ್ಕ ಬಂದದ್ದು ಆಗ. ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ, ಅಪ್ಪನ ಪಕ್ಕದಿಂದಲೇ ಹಾದು ಬಂದು, ಮೇಜಿನ ಮೇಲೆ ಫೋಟೊ ಇದ್ದ ಫೋನಿನ ಪಕ್ಕ ಎಡಗೈ ಊರಿದಳು.

"ನೋಡ್ರಿ ಸಾಹೇಬ್ರ, ಇದು ನಂದ ಕೈ. ನಮ್ಮವ್ವ ಮನಿಗಿ ಕರದು ಇಡಿಸಿದ ಬಳಿ ಇವು. ಈ ಸುಟ್ಟ ಕಲಿ ಹೆಂಗಾತು ಅಂತ ನಮ್ಮಪ್ಪನ್ನ ಕೇಳ್ರಿ, ಅಲ್ಲೇ ನಿಂತಾನ."

ಸಾಹೇಬರು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅಪ್ಪ ಹೊರಗೆ ನಡೆದ. ನನ್ನನ್ನು ದಾಟುವಾಗ ಇನ್ನು ಮನೆಯ ಹೊಸ್ತಿಲು ತುಳಿಯಬೇಡ ಅಂದ. ಕಾಕಾನನ್ನು ಅವತ್ತೇ ಬಿಟ್ಟರು. ಹೊಡೆದವರ ಮೇಲೆ ಕೇಸಾಯಿತು, ಜಾಮೀನೂ ಆಯಿತು. ಜಾಮೀನಿನ ಮೇಲೆ ಬಂದವರಿಗೆ ನಮ್ಮ ಕಣದಲ್ಲೇ ಹಾರ ಹಾಕಿದರಂತೆ. ಮುದುಕನೊಬ್ಬನ ಬೆರಳು ಮುರಿದದ್ದಕ್ಕೆ ಹಾರ! ಕೇಸು ಇನ್ನೂ ನಡೆದಿದೆ. ನನ್ನ ಸಾಕ್ಷಿ ಇನ್ನೂ ಆಗಬೇಕು, ಕರೆದ ದಿನ ಹೋಗಿ ಹೇಳುತ್ತೇನೆ. ಹೇಳಬೇಡ ಅಂತ ಫೋನು ಬರುತ್ತಲೇ ಇರುತ್ತವೆ. ಮಾಡುವವರ ದನಿ ನನಗೆ ಗುರುತಿದೆ, ಅವರಿಗೆ ನಾನೇ ಊಟಕ್ಕೆ ಬಡಿಸಿದ್ದೇನೆ.

ನಾನೀಗ ಕುಷ್ಟಗಿಯಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಅಕ್ಕ ನನ್ನ ಜೊತೆ ಸರಿಯಾಗಿ ಮಾತಾಡಲು ಮೂರು ತಿಂಗಳು ಹಿಡಿಯಿತು. ಅದು ಕಡಿಮೆಯೇ ಆಯಿತು. ಊರಲ್ಲಿ ಅವ್ವ ಅಪ್ಪನ ಜೊತೆ ಜಗಳವಾಡಲಿಲ್ಲ. ಅವಳ ಕೈಯಲ್ಲಿದ್ದ ಗಾಜಿನ ಬಳೆ ಒಂದೊಂದೇ ಒಡೆದವು, ಹೊಸದನ್ನು ಇಡಿಸಿಕೊಂಡಿಲ್ಲ. ಗಂಡ ಬದುಕಿರುವಾಗಲೇ ಬರಿಗೈಯಲ್ಲಿ ಓಡಾಡುತ್ತಾಳೆ. ಅಪ್ಪ ಪೇಟೆಯಿಂದ ತಂದ ಬಳೆಯ ಡಬ್ಬಿ ಇನ್ನೂ ಗೋಡೆಯ ಮಾಡದಲ್ಲೇ ಇದೆಯಂತೆ. ಭಾನುವಾರದ ಲಾಠಿ ಮಾತ್ರ ನಿಂತಿಲ್ಲ. ಈಗ ಗಡಿಗೆ ಒಡೆಯಲು ಬೇರೆ ಯಾವುದೋ ಹುಡುಗಿಯನ್ನು ತಯಾರು ಮಾಡಿದ್ದಾರಂತೆ.

ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ದೃಷ್ಟಿಯಾಗದಂತೆ ಮೊದಲ ಕರಿಬಳೆ ಕಾಕಾನ ಕೈಯಿಂದಲೇ ಇಡಿಸಬೇಕು ಅಂತ ಅವಳು ಹಟ ಹಿಡಿದಳು. ನಾವು ಮೂವರೂ ಭಾಗ್ಯನಗರಕ್ಕೆ ಹೋದೆವು. ಬಾಗಿಲಲ್ಲಿ ನನ್ನನ್ನು ಕಂಡ ಕಾಕಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಬರ್ರಿ ಒಳಗ" ಅಂದರು. ನನ್ನ ಕಡೆ ತಿರುಗಿ, "ಫೋನ್ ಹೊರಗ ಇಟ್ಟ ಬಾ, ತಂಗಿ" ಅಂದರು.

ಫೋನನ್ನು ಚಪ್ಪಲಿಯ ಪಕ್ಕ ಇಟ್ಟು ಒಳಗೆ ಹೋದೆ. ಅಕ್ಕ ಕೂಸಿನ ಕೈಯನ್ನು ಅವರ ಮುಂದೆ ಹಿಡಿದಳು. ಅವರು ನೆಟ್ಟಗಾಗದ ಬೆರಳುಗಳನ್ನು ಎಡಗೈಯಿಂದ ಮುಚ್ಚಿಕೊಂಡು, ಗೋಡೆಯ ಕಡೆ ಸರಿದು ಕೂತು, ಹೆಂಡತಿಯನ್ನು ಕರೆದರು. ಇನ್ನು ತಾವು ಯಾರ ಕೈಯನ್ನೂ ಮುಟ್ಟುವುದಿಲ್ಲ, ಆಕೆಯೇ ಇಡುತ್ತಾಳೆ ಅಂದರು. ಅಕ್ಕ ಎಷ್ಟು ಕೇಳಿಕೊಂಡರೂ, ಮೂರು ತಿಂಗಳ ಆ ಕೂಸಿನ ಕೈಯನ್ನು ಅವರು ಮುಟ್ಟಲಿಲ್ಲ.