ಎದುರಿನವರ ಭಾಷೆಯಲ್ಲಿ ಬೈಯುವ ಊರು

ಕಾಸರಗೋಡಿಗೆ ಬಂದ ಮರುದಿನ ನಾನು ಕಣ್ಣು ಬಿಟ್ಟದ್ದೇ ಜಗಳದ ಸದ್ದಿಗೆ. ನಾಯ್ಮಾರ್ಮೂಲೆಯಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟ ಜಾನಕಿ ಅಮ್ಮನ ಮನೆಮಾತು ಮಲಯಾಳ. ಪಕ್ಕದ ಮನೆಯ ದರ್ಜಿ ಕೊರಗಪ್ಪನದು ತುಳು. ಅವನ ಕೋಳಿ ಇವರ ಹರಿವೆ ಸೊಪ್ಪಿನ ಸಾಲನ್ನು ಕೆದಕಿತ್ತು. ವಿಚಾರಿಸಿದರೆ, ಅಮ್ಮ ಬೈದದ್ದು ತುಳುವಿನಲ್ಲಂತೆ, ಅವನು ತಿರುಗಿ ಬೈದದ್ದು ಮಲಯಾಳದಲ್ಲಂತೆ!

“ಅವರಿಗೆ ಅರ್ಥ ಆಗ್ಬೇಡ್ವಾ ಮಾಷ್ಟ್ರೇ? ಅರ್ಥ ಆಗದ ಬೈಗುಳ ಎಂತಕ್ಕೆ ಮಾರಾಯ್ರೇ!” ಎಂದು ಕೊರಗಪ್ಪ ನಕ್ಕ. ಶಾಲೆಯಲ್ಲಿ ಕಲಿಸುವವನು ಇಲ್ಲಿ ‘ಮಾಷ್ಟ್ರು’.

ಧಾರವಾಡದ ನಮ್ಮ ಓಣಿಯಲ್ಲಿ ಎಲ್ಲರದೂ ಒಂದೇ ಮಾತು. ಆದರೂ ನಳದ ಮುಂದೆ ಹುಟ್ಟಿದ ಮುನಿಸು ಮೊಮ್ಮಕ್ಕಳ ಮದುವೆಯವರೆಗೂ ಬಾಳುತ್ತದೆ. ಇಲ್ಲಿ ಬೆಳಗಿನ ಜಗಳ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಮುಗಿದಿರುತ್ತದೆ. ಆ ಕುಚ್ಚಲಕ್ಕಿ ಗಂಜಿ ನನ್ನ ಗಂಟಲಲ್ಲಿ ಇಳಿಯಲು ತಿಂಗಳೇ ಹಿಡಿಯಿತು; ರೊಟ್ಟಿ ನೆನೆದು ಅಳು ಬರುತ್ತಿತ್ತು. ಒಮ್ಮೆ ಅರ್ಧಕ್ಕೇ ಎದ್ದಾಗ ಅಮ್ಮ ಕನ್ನಡದಲ್ಲಿ ಬೈದರು: “ಎಂತ, ಕೋಳಿ ಕುಟುಕಿದ ಹಾಗೆ ತಿನ್ನುವುದು? ಗಂಟಲಲ್ಲಿ ಮುಳ್ಳುಂಟಾ?” ಈ ಊರಲ್ಲಿ ನನಗೂ ಒಬ್ಬರಿದ್ದಾರೆ ಎನ್ನಿಸಿ ಪೂರ್ತಿ ಉಂಡೆ.

ಆಮೇಲೆ ಭಾಷೆ ನೋಡಿ ರಾಜ್ಯ ಹಂಚುವ ಮಾತು ಬಂತು. ತಾಲೂಕು ಕೇರಳಕ್ಕೋ ಕನ್ನಡ ನಾಡಿಗೋ ಎಂದು ದಿನಾ ಸಭೆ. ಒಂದು ಬೆಳಿಗ್ಗೆ ಮತ್ತೆ ಕೋಳಿಯ ಜಗಳ. ಈ ಸಲ ಅಮ್ಮ ಮಲಯಾಳದಲ್ಲೇ ಕೂಗಿದರು. ಕೊರಗಪ್ಪ ತುಳುವನ್ನೂ ಬಿಟ್ಟು ಸಭೆಯ ಕನ್ನಡದಲ್ಲಿ ಕೂಗಿದ. ಇಬ್ಬರ ಮುಖವೂ ದಾರಿಯ ಕಡೆಗಿತ್ತು. ಬೈಗುಳವೆಲ್ಲ ಅಲ್ಲಿ ನಿಂತು ಕೇಳುವವರ ಪಾಲಾಗಿತ್ತು, ಕೇಳುವವರು ಎರಡು ಗುಂಪಾಗಿದ್ದರು. ನನಗೇನು ಬಡಿದಿತ್ತೋ!

“ಇದು ಕನ್ನಡದ ನೆಲಾರೀ, ಕನ್ನಡದಾಗ ಮಾತಾಡ್ರಿ!” ಎಂದು ಅಮ್ಮನನ್ನು ಗದರಿಸಿಬಿಟ್ಟೆ. ನಾಲ್ಕು ವರ್ಷದ ಹಿಂದೆ ಟ್ರಂಕು ಹಿಡಿದು ಬಂದವನು, ಇಲ್ಲೇ ಹುಟ್ಟಿದವರಿಗೆ ಹೇಳಿದ ಮಾತು ಅದು. ಯಾರೋ ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ಕುಗ್ಗಿಹೋದೆ.

ಈಗ ತಾಲೂಕು ಕೇರಳಕ್ಕೆ ಸೇರಿದೆ. ರಜೆಗೆ ಧಾರವಾಡಕ್ಕೆ ಬಂದಾಗ ನಾನು ‘ಐತಿ’ ಅನ್ನುವ ಬದಲು ಇಲ್ಲಿಯವರಂತೆ ‘ಉಂಟು’ ಎಂದದ್ದಕ್ಕೆ ನಮ್ಮ ಓಣಿಯವರಾದ ನೀವೇ ನಕ್ಕಿರಿ. ಅಲ್ಲಿಗೆ ಮರಳಲೇ, ಇಲ್ಲೇ ಇರಲೇ ಎಂದು ಮನಸ್ಸು ಒಂದು ಕಡೆ ಕೂರುವುದಿಲ್ಲ. ಅಮ್ಮ ಈಗಲೂ ಊಟ ಬಡಿಸುತ್ತಾರೆ. ಅರ್ಧಕ್ಕೇ ಎದ್ದರೂ ಏನೂ ಅನ್ನುವುದಿಲ್ಲ.

ಮೊನ್ನೆ, ಕಲಿತಷ್ಟು ಮಲಯಾಳವನ್ನು ಜೋಡಿಸಿಕೊಂಡು ಕ್ಷಮೆ ಕೇಳಿದೆ. ಅವರು ಮಲಯಾಳದಲ್ಲೇ ಏನೋ ಹೇಳಿದರು, ಪಟಪಟನೆ, ನನಗೆ ಅರ್ಥವಾಗಲಿ ಎಂಬ ಗೊಡವೆಯೇ ಇಲ್ಲದೆ.

“ಅಮ್ಮಾ, ಕನ್ನಡದಲ್ಲಿ ಬೈಯಿರಿ” ಎಂದೆ.

ಅವರು ಒಳಗೆ ಹೋಗಿ ಕದ ಹಾಕಿಕೊಂಡರು.